ಫೈಟರ್ ಮೀನಿಗೆ ಬೌಲ್ ಸಾಕೇ? ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಮಗಳ ಹಟಕ್ಕೆ ಮಣಿದು ಅವಳ ಹುಟ್ಟುಹಬ್ಬದ ದಿನ ಒಂದು ನೀಲಿ ಫೈಟರ್ ಮೀನು ತಂದೆವು. ಅಂಗಡಿಯವರು ಎರಡು ಲೀಟರಿನ ಗಾಜಿನ ಬೌಲ್, ಬಣ್ಣದ ಕಲ್ಲು, ಒಂದು ಡಬ್ಬಿ ಆಹಾರ ಕೊಟ್ಟು, ‘ಮೂರು ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಿ, ಸಾಕು’ ಅಂದರು. ಹತ್ತು ದಿನ ಚೆನ್ನಾಗಿತ್ತು. ಈಗ ರೆಕ್ಕೆ ಮುದುರಿಕೊಂಡು ತಳದಲ್ಲೇ ಮಲಗಿರುತ್ತದೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಮತ್ತೆ ಇಳಿಯುತ್ತದೆ. ನಮ್ಮದು ಬೋರ್‌ವೆಲ್ ನೀರು. ಏನು ತಪ್ಪಾಯಿತು?
– ತುಮಕೂರಿನ ಓದುಗರು

ಉತ್ತರ: ಮೇಲೆ ಬಂದು ಗಾಳಿ ತೆಗೆದುಕೊಳ್ಳುವುದು ಕಾಯಿಲೆಯಲ್ಲ. ಫೈಟರ್ ಅಥವಾ ಬೆಟ್ಟಾ ಮೀನಿಗೆ ಕಿವಿರಿನ ಜೊತೆಗೆ, ಅದರ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಎಂಬ ಮಡಿಕೆ ಮಡಿಕೆಯಾದ ಅಂಗವಿದೆ. ನಾವು ಉಸಿರಾಡುವ ಗಾಳಿಯನ್ನೇ ಅದು ನೇರವಾಗಿ ಹೀರಿಕೊಳ್ಳುತ್ತದೆ. ಈ ಅನುಕೂಲವೇ ಬೆಟ್ಟಾಗೆ ಮುಳುವಾಗಿದೆ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲೂ ಸಾಯುವುದಿಲ್ಲವಾದ್ದರಿಂದ ಅಂಗಡಿಗಳಲ್ಲಿ ಲೋಟದಷ್ಟು ನೀರಿನಲ್ಲಿ ಇಟ್ಟು ಮಾರುತ್ತಾರೆ. ಕೊಂಡವರು ಇದಕ್ಕೆ ಅಷ್ಟೇ ಸಾಕು ಅಂದುಕೊಳ್ಳುತ್ತಾರೆ.

‘ಇದರ ತವರಿನಲ್ಲಿ ಗೊರಸಿನ ಗುಂಡಿಯಷ್ಟು ನೀರಿನಲ್ಲೂ ಇರುತ್ತದೆ’ ಎಂಬ ಮಾತೂ ಕೇಳಿರುತ್ತೀರಿ. ಇದರ ತವರು ಥಾಯ್ಲೆಂಡ್. ಅಲ್ಲಿ ಇದಕ್ಕೆ ‘ಪ್ಲಾ ಕಟ್’, ಅಂದರೆ ಕಚ್ಚುವ ಮೀನು ಎಂಬ ಹೆಸರು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಅಲ್ಲಿ ಬೆಟ್ಟಾ ಇರುವುದು ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿ. ಗದ್ದೆಯ ನೀರು ಮೊಣಕಾಲಿಗೂ ಬರುವುದಿಲ್ಲ ನಿಜ. ಆದರೆ ಅದು ಎಕರೆಗಟ್ಟಲೆ ಹರಡಿರುತ್ತದೆ, ಬೆಚ್ಚಗಿರುತ್ತದೆ, ಗಿಡ ತುಂಬಿರುತ್ತದೆ. ಬೌಲಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ನಿಮ್ಮ ಮೀನನ್ನು ಕಾಡುತ್ತಿರುವುದು ಹೆಚ್ಚುಕಮ್ಮಿ ಖಚಿತವಾಗಿ ಅಮೋನಿಯಾ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಕಾಳಿನಿಂದ ಅಮೋನಿಯಾ ಸದಾ ನೀರು ಸೇರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ. ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ಒಳಗೆ ವಿಷವಿರಬಹುದು. ಎರಡು ಲೀಟರಿನಲ್ಲಿ ಅದು ಒಂದೆರಡು ದಿನಕ್ಕೇ ಸುಡುವ ಮಟ್ಟಕ್ಕೆ ಏರುತ್ತದೆ. ಗಾಜಿನ ಹತ್ತಿರ ಮುಖ ತಂದು ಕಿವಿರಿನ ಮುಚ್ಚಳದ ಅಂಚು ನೋಡಿ. ಅಲ್ಲಿ ಕೆಂಪು ಗೀರು ಕಂಡರೆ, ಮುಚ್ಚಳ ಪಟಪಟನೆ ಬಡಿಯುತ್ತಿದ್ದರೆ ಅದು ಅಮೋನಿಯಾದ ಗುರುತು.

ಬೋರ್‌ವೆಲ್ ನೀರಿನವರು ಇನ್ನೊಂದು ವಿಷಯ ತಿಳಿದಿರಬೇಕು. ಅಮೋನಿಯಾದಲ್ಲಿ ಎರಡು ರೂಪ: ಒಂದು ಹೆಚ್ಚು ತೊಂದರೆ ಕೊಡದು, ಇನ್ನೊಂದು ಕಿವಿರನ್ನೇ ಸುಡುತ್ತದೆ. ಯಾವುದು ಎಷ್ಟಿರುತ್ತದೆ ಎಂಬುದನ್ನು ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ಎಂದು ತೋರಿಸುವ ಅಳತೆ) ಮತ್ತು ಉಷ್ಣತೆ ನಿರ್ಧರಿಸುತ್ತವೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷರೂಪ ಶೇ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಸುಮಾರು ಶೇ 5. ಬೋರ್‌ವೆಲ್‌ಗಳಲ್ಲಿ ಹೆಚ್ಚಾಗಿ ಸಿಗುವ ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ 7.5ರಿಂದ 8ರ ಸುತ್ತ ಇರುತ್ತದೆ. ಅಂದರೆ ಅಷ್ಟೇ ಅಮೋನಿಯಾ ನಿಮ್ಮ ಮನೆಯಲ್ಲಿ ಹಲವು ಪಟ್ಟು ಕಾಟ ಕೊಡುತ್ತದೆ. ಹಾಗಂತ ಪಿಎಚ್ ಇಳಿಸುವ ದ್ರಾವಣ ತಂದು ಸುರಿಯಬೇಡಿ. ಬೆಟ್ಟಾ ಗಡಸು ನೀರಿಗೆ ಒಗ್ಗಿಕೊಳ್ಳುತ್ತದೆ, ದಿನಕ್ಕೊಂದು ಥರ ಏರಿಳಿಯುವ ನೀರಿಗೆ ಒಗ್ಗುವುದಿಲ್ಲ. ಬರೀ ಆರ್‌ಒ ನೀರೂ ಬೇಡ, ಅದರಲ್ಲಿ ಮೀನಿಗೆ ಬೇಕಾದ ಲವಣಗಳೇ ಉಳಿದಿರುವುದಿಲ್ಲ.

ಇವತ್ತೇ ಮಾಡಬೇಕಾದ್ದು: ಊಟ ಒಂದು ದಿನ ನಿಲ್ಲಿಸಿ. ಬೋರ್ ನೀರನ್ನು ಅಗಲವಾದ ಬಕೆಟ್ಟಿನಲ್ಲಿ ರಾತ್ರಿಯಿಡೀ ತೆರೆದಿಡಿ. ಬೌಲಿನ ನೀರಿನಷ್ಟೇ ಬೆಚ್ಚಗಿದೆಯೇ ಎಂದು ಥರ್ಮಾಮೀಟರಿನಲ್ಲಿ ನೋಡಿ, ಅರ್ಧದಷ್ಟು ನೀರು ಮಾತ್ರ ಬದಲಿಸಿ. ಮೀನನ್ನು ಹೊರತೆಗೆಯಬೇಡಿ. ದೊಡ್ಡ ಟ್ಯಾಂಕ್ ಬರುವವರೆಗೆ ದಿನಾ ಹೀಗೇ ಮಾಡಿ. ನಲ್ಲಿ ನೀರಿನವರಾದರೆ ಕ್ಲೋರಿನ್ ತೆಗೆಯಲೇಬೇಕು: ತೆರೆದ ಬಕೆಟ್ಟಿನಲ್ಲಿ 24 ಗಂಟೆ ಇಡಿ, ಇಲ್ಲವೇ ಅಕ್ವೇರಿಯಂ ಅಂಗಡಿಯ ಆ್ಯಂಟಿ-ಕ್ಲೋರಿನ್ ದ್ರಾವಣವನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ. ಅಮೆರಿಕದಲ್ಲಿರುವ ಓದುಗರಿಗೆ ಒಂದು ಮಾತು: ಅಲ್ಲಿನ ಹಲವು ನಗರಗಳು ಕ್ಲೋರಿನ್–ಅಮೋನಿಯಾ ಸೇರಿದ ಕ್ಲೋರಮೈನ್ ಬಳಸುತ್ತವೆ, ಅದು ನೀರು ತೆರೆದಿಟ್ಟರೆ ಹೋಗುವುದಿಲ್ಲ. ಅದಕ್ಕೆ ಕ್ಲೋರಮೈನ್ ತೆಗೆಯುವ ದ್ರಾವಣ (ಕಂಡೀಷನರ್) ಬೇಕೇ ಬೇಕು.

ಇನ್ನು ಮನೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ಟ್ಯಾಂಕ್ ತನ್ನಿ. ಪೂರ್ತಿ ತುಂಬಿದರೆ ಅದು 28 ಲೀಟರ್. ಮೇಲೆ ಎರಡು ಇಂಚು ಬಿಟ್ಟರೆ ಸುಮಾರು 23 ಲೀಟರ್. ಆ ಎರಡು ಇಂಚು ಬಿಡಲೇಬೇಕು, ಮೀನು ಉಸಿರಾಡುವುದು ಅಲ್ಲಿನ ಗಾಳಿಯನ್ನು. ಗಾಳಿಯಾಡುವ ಮುಚ್ಚಳವೂ ಬೇಕು. ಬೆಟ್ಟಾ ಚೆನ್ನಾಗಿ ಹಾರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಒಣಗಿ ಬಿದ್ದಿರುವುದು ಬಹಳ ಮನೆಗಳಲ್ಲಿ ಆಗುವ ಸಂಗತಿ.

ಫಿಲ್ಟರ್‌ಗಳಲ್ಲಿ ನಮ್ಮ ಸಲಹೆ ಸ್ಪಂಜ್ ಫಿಲ್ಟರ್. ಸಣ್ಣ ಏರ್ ಪಂಪಿನಿಂದ ನಡೆಯುತ್ತದೆ, ಅಗ್ಗ, ಉದ್ದ ರೆಕ್ಕೆಯನ್ನು ಎಳೆದುಕೊಳ್ಳುವುದಿಲ್ಲ. ಗಾಳಿಯ ನಳಿಕೆಗೆ ಒಂದು ತಿರುಪು ಹಾಕಿ ಗುಳ್ಳೆ ಕಡಿಮೆ ಮಾಡಿ. ಮೀನು ಈಜದೆಯೇ ಪಕ್ಕಕ್ಕೆ ಸರಿಯುತ್ತಿದ್ದರೆ ಹರಿವು ಜಾಸ್ತಿಯಾಗಿದೆ ಎಂದರ್ಥ. ಆ ಸ್ಪಂಜು ಬರೀ ಕಸ ಹಿಡಿಯುವುದಕ್ಕಲ್ಲ. ಅದರ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ವಿಷ, ಮೂರನೆಯದು ಅಷ್ಟು ಅಪಾಯಕಾರಿಯಲ್ಲ. ಈ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯಲು 4ರಿಂದ 6 ವಾರ ಬೇಕು. ಮೀನು ಈಗಾಗಲೇ ಮನೆಗೆ ಬಂದಿರುವುದರಿಂದ ಅಲ್ಲಿಯವರೆಗೆ ಆ ಕೆಲಸ ನಿಮ್ಮದು. ಹನಿ ಹಾಕಿ ನೋಡುವ ಅಮೋನಿಯಾ–ನೈಟ್ರೈಟ್ ಟೆಸ್ಟ್ ಕಿಟ್ ತನ್ನಿ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ, ಎರಡೂ ಸೇರಿ 0.5 ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ) ತಲುಪಿದ ದಿನ ಅರ್ಧ ನೀರು ಬದಲಿಸಿ. ಎರಡೂ ಸೊನ್ನೆಗೆ ನಿಂತ ಮೇಲೆ ವಾರಕ್ಕೊಮ್ಮೆ ಕಾಲುಭಾಗ ಸಾಕು. ವರ್ಷಗಟ್ಟಲೆ ಟ್ಯಾಂಕ್ ಇಟ್ಟಿರುವ ಪರಿಚಯದವರಿದ್ದರೆ ಅವರ ಹಳೆಯ ಸ್ಪಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಟ್ಯಾಂಕಿನಲ್ಲಿ ಹಾಕಿ, ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ. ಅವರ ಮೀನುಗಳಿಗೆ ಕಾಯಿಲೆ ಇಲ್ಲವೆಂದು ಮಾತ್ರ ಖಾತ್ರಿ ಮಾಡಿಕೊಳ್ಳಿ.

ಮತ್ತೆ, ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಬಾರಿ ಹಿಂಡಿ ಹಾಕಿ. ‘ಫಿಲ್ಟರ್ ಚೆನ್ನಾಗಿ ತೊಳೆದ ಮಾರನೇ ದಿನ ಮೀನು ಸತ್ತಿತು’ ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ: ಕೊಳೆಯ ಜೊತೆ ಬ್ಯಾಕ್ಟೀರಿಯಾವೂ ತೊಳೆದುಹೋಗಿರುತ್ತವೆ.

ಪ್ರಶ್ನೆ: ನಮ್ಮ ಊರಲ್ಲಿ ಡಿಸೆಂಬರ್ ರಾತ್ರಿ ಚಳಿ ಜೋರು. ಹೀಟರ್ ಬೇಕೇ? ಟ್ಯಾಂಕನ್ನು ಬಿಸಿಲಿಗೆ ಇಟ್ಟರೆ ಆಗದೇ?
– ಚಿಕ್ಕಮಗಳೂರಿನ ಓದುಗರು

ಉತ್ತರ: ಬೇಕು. ಬೆಟ್ಟಾಗೆ 25ರಿಂದ 28 ಡಿಗ್ರಿ ಹಿತ. 22ಕ್ಕಿಂತ ಕೆಳಗಿಳಿದರೆ ಜೀರ್ಣಶಕ್ತಿ ಕುಂದುತ್ತದೆ, ಮೀನು ಮಂಕಾಗುತ್ತದೆ, ಬಿಳಿಚುಕ್ಕೆಯಂಥ ಕಾಯಿಲೆಗೆ ಸುಲಭವಾಗಿ ತುತ್ತಾಗುತ್ತದೆ. 20–25 ಲೀಟರಿಗೆ 25 ವ್ಯಾಟ್ ಹೀಟರ್ ಸಾಕು, ಕೋಣೆ ತುಂಬಾ ತಣ್ಣಗಿದ್ದರೆ 50 ವ್ಯಾಟ್. ಥರ್ಮೋಸ್ಟಾಟ್ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಮೀನು ಬೆಂದುಹೋದೀತು. ಹೀಟರ್ ಮೇಲಿನ ಗುರುತನ್ನು ನಂಬದೆ ಬೇರೆ ಥರ್ಮಾಮೀಟರ್ ಇಡಿ. ನೀರು ತೆಗೆಯುವ 15 ನಿಮಿಷ ಮೊದಲು ಸ್ವಿಚ್ ಆಫ್ ಮಾಡಿ. ಹೀಟರಿನ ಕಾದ ಗಾಜು ನೀರಿನಿಂದ ಹೊರಗೆ ಕಂಡರೆ ಸೀಳುತ್ತದೆ. ಕರೆಂಟ್ ಹೋದ ರಾತ್ರಿ ಟ್ಯಾಂಕಿನ ಮೂರು ಕಡೆ ಕಂಬಳಿ ಸುತ್ತಿದರೆ ಕೆಲವು ಗಂಟೆ ತಡೆಯುತ್ತದೆ.

ಬಿಸಿಲು ಬೇಡ. ಹಗಲು ಏರಿ ರಾತ್ರಿ ಇಳಿಯುವ ಉಷ್ಣತೆ ಒಂದೇ ಸಮನಾದ ಚಳಿಗಿಂತಲೂ ಕೆಟ್ಟದ್ದು. ಪಾಚಿಯೂ ಕಟ್ಟುತ್ತದೆ.

ಪ್ರಶ್ನೆ: ದಿನಕ್ಕೆ ಮೂರು ಸಲ ಚಿಟಿಕೆ ಆಹಾರ ಹಾಕುತ್ತೇನೆ, ಎಲ್ಲ ತಿಂದು ಇನ್ನೂ ಬೇಕು ಅನ್ನುವಂತೆ ಗಾಜಿನ ಬಳಿ ಬರುತ್ತದೆ. ಎರಡು ದಿನದಿಂದ ಹೊಟ್ಟೆ ಉಬ್ಬಿ ಒಂದು ಮಗ್ಗುಲಾಗಿ ತೇಲುತ್ತಿದೆ.
– ಹುಬ್ಬಳ್ಳಿಯ ಕಾಲೇಜು ವಿದ್ಯಾರ್ಥಿ

ಉತ್ತರ: ಬೆಟ್ಟಾಗೆ ಸಾಕು ಎನ್ನುವುದೇ ಗೊತ್ತಿಲ್ಲ, ಅಳತೆ ನೀವೇ ಇಟ್ಟುಕೊಳ್ಳಬೇಕು. ಅದರ ಹೊಟ್ಟೆ ಹೆಚ್ಚುಕಮ್ಮಿ ಅದರ ಕಣ್ಣಿನಷ್ಟೇ. ಒಂದು ಮಿ.ಮೀ. ಗಾತ್ರದ ಬೆಟ್ಟಾ ಪೆಲೆಟ್ ಬೆಳಗ್ಗೆ 3, ಸಂಜೆ 3. ಚಿಟಿಕೆ ಲೆಕ್ಕ ಬಿಡಿ, ಕಾಳು ಎಣಿಸಿ ಹಾಕಿ. ವಾರಕ್ಕೊಂದು ದಿನ ಉಪವಾಸ.

ಈಗ ಎರಡು ದಿನ ಏನೂ ಹಾಕಬೇಡಿ, ನೀರನ್ನು 27–28 ಡಿಗ್ರಿಯಲ್ಲಿ ಇಡಿ. ಮೂರನೆಯ ದಿನ ಸ್ವಲ್ಪ ಡಾಫ್ನಿಯಾ (ನೀರಿನಲ್ಲಿರುವ ಸಣ್ಣ ಸೀಗಡಿಯಂಥ ಜೀವಿ) ಕೊಡಿ, ಫ್ರೀಜ್ ಮಾಡಿದ್ದು ಸಿಕ್ಕರೆ ಕರಗಿಸಿ. ಬಟಾಣಿ ತಿನ್ನಿಸಿ ಎಂದು ಹಲವರು ಹೇಳುತ್ತಾರೆ. ಹುಳ ತಿಂದು ಬದುಕುವ ಮೀನಿಗೆ ಕಾಳಿಗಿಂತ ಡಾಫ್ನಿಯಾ ವಾಸಿ. ಚರಂಡಿಯಿಂದ ತಂದು ಮಾರುವ ಜೀವಂತ ಟ್ಯೂಬಿಫೆಕ್ಸ್ ಹುಳ ಬೇಡ, ಅದರ ಜೊತೆ ರೋಗಾಣುಗಳೂ ಬರುತ್ತವೆ.

ಒಂದು ಪರೀಕ್ಷೆ ಮಾತ್ರ ಇವತ್ತೇ ಮಾಡಿ. ಮೀನನ್ನು ಮೇಲಿನಿಂದ ನೋಡಿ. ಮೈಯ ಹುರುಪೆಗಳು ನುಣುಪಾಗಿ ಮಲಗಿದ್ದರೆ ಇದು ಅಜೀರ್ಣ, ವಾಸಿಯಾಗುತ್ತದೆ. ಅನಾನಸ್ ಹಣ್ಣಿನ ಮೈಯಂತೆ ಹುರುಪೆಗಳು ಎದ್ದು ನಿಂತಿದ್ದರೆ ಅದು ಡ್ರಾಪ್ಸಿ. ಒಳಗಿನ ಅಂಗ ಸೋತು ಮೈಯಲ್ಲಿ ನೀರು ತುಂಬಿದ ಲಕ್ಷಣ. ಆ ಹಂತ ತಲುಪಿದ ಮೀನು ಉಳಿಯುವುದು ಅಪರೂಪ, ಸುಳ್ಳು ಭರವಸೆ ಕೊಡಲು ಮನಸ್ಸಿಲ್ಲ.

ಪ್ರಶ್ನೆ: ಬಾಲದ ತುದಿ ಹರಿದಿದೆ. ಕಾಡು ಬಾದಾಮಿ ಎಲೆ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ, ನಿಜವೇ? ನಮ್ಮ ಬೀದಿಯಲ್ಲೇ ಮರವಿದೆ.
– ಮಂಗಳೂರಿನ ಓದುಗರು

ಉತ್ತರ: ಮೊದಲು ಹರಿದದ್ದೋ ಕೊಳೆತದ್ದೋ ನೋಡಿ. ಅಂಚು ಕಪ್ಪು, ಕೆಂಪು ಅಥವಾ ಬಿಳಿ ಗಟ್ಟಿ ಪಟ್ಟಿಯಂತಿದ್ದು ದಿನೇದಿನೇ ಒಳಕ್ಕೆ ಸರಿಯುತ್ತಿದ್ದರೆ ಕೊಳೆತ. ಬಣ್ಣ ಬದಲಾಗದೆ ಸೀಳು ಮಾತ್ರ ಇದ್ದರೆ ಎಲ್ಲೋ ತಗುಲಿ ಹರಿದದ್ದು. ಟ್ಯಾಂಕಿನ ಕಲ್ಲು, ಪ್ಲಾಸ್ಟಿಕ್ ಗಿಡಗಳ ಮೇಲೆ ತೆಳುವಾದ ನೈಲಾನ್ ಬಟ್ಟೆ ಎಳೆದು ನೋಡಿ. ಬಟ್ಟೆಯ ಎಳೆ ಸಿಕ್ಕಿಕೊಂಡ ವಸ್ತುವನ್ನು ತೆಗೆದು ಹೊರಗಿಡಿ. ಹರಿದ ಜಾಗದಲ್ಲಿ ಕೆಲವು ವಾರದೊಳಗೆ ಗಾಜಿನಂಥ ಪಾರದರ್ಶಕ ಪೊರೆ ಕಾಣಿಸಿಕೊಳ್ಳುತ್ತದೆ, ಅದು ಹೊಸ ರೆಕ್ಕೆ. ಅದನ್ನು ಬೂಸ್ಟು ಎಂದುಕೊಂಡು ಔಷಧಿ ಹಾಕುವವರಿದ್ದಾರೆ, ಬೇಡ.

ಕೊಳೆತವಾದರೆ ನೀರು ಶುದ್ಧವಾಗಿಡುವುದೇ ಮುಖ್ಯ ಚಿಕಿತ್ಸೆ. ಜೊತೆಗೆ ಬೇರೆ ಪಾತ್ರೆಯಲ್ಲಿ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಹಾಕಿ 10 ದಿನದವರೆಗೆ ಇಡಬಹುದು. ಉಪ್ಪನ್ನು ಮಗ್ಗಿನಲ್ಲಿ ಪೂರ್ತಿ ಕರಗಿಸಿಯೇ ಹಾಕಿ. ಆ ಪಾತ್ರೆಯಲ್ಲಿ ಫಿಲ್ಟರ್ ಇಲ್ಲದಿದ್ದರೆ ದಿನಾ ಅರ್ಧ ನೀರು ಬದಲಿಸಿ, ಎಷ್ಟು ಲೀಟರ್ ತೆಗೆದಿರೋ ಅಷ್ಟಕ್ಕೆ ಮಾತ್ರ ಮತ್ತೆ ಉಪ್ಪು ಸೇರಿಸಿ. ಉಪ್ಪು ತಾನಾಗಿ ಆವಿಯಾಗುವುದಿಲ್ಲ, ಲೆಕ್ಕ ತಪ್ಪಿದರೆ ಏರುತ್ತಲೇ ಹೋಗುತ್ತದೆ.

ಎಲೆಯ ಮಾತು ನಿಜ, ಆದರೆ ಅದು ಔಷಧಿಯಲ್ಲ, ಆಸರೆ. ಅದರ ಟ್ಯಾನಿನ್ ನೀರಿಗೆ ತಿಳಿ ಚಹಾದ ಬಣ್ಣ ಕೊಡುತ್ತದೆ, ಬ್ಯಾಕ್ಟೀರಿಯಾ, ಬೂಸ್ಟನ್ನು ಸ್ವಲ್ಪ ಹದ್ದುಬಸ್ತಿನಲ್ಲಿಡುತ್ತದೆ. ತಾನಾಗಿ ಉದುರಿ ಪೂರ್ತಿ ಕಂದಾದ ಎಲೆ ಮಾತ್ರ ಆರಿಸಿ, ಹಸಿರೆಲೆ ಬೇಡ. ವಾಹನಗಳ ಹೊಗೆ, ಸೊಳ್ಳೆ ಔಷಧಿ ಬೀಳುವ ಬೀದಿಯ ಮರವಾದರೆ ಬಿಡಿ, ಯಾರದಾದರೂ ಹಿತ್ತಲಿನ ಮರ ಹುಡುಕಿ. ಎಲೆ ತೊಳೆದು, ಕುದಿಯುವ ನೀರು ಸುರಿದು, ಆರಿದ ಮೇಲೆ 20 ಲೀಟರಿಗೆ ಒಂದರಂತೆ ಹಾಕಿ. ಮೂರು ವಾರಕ್ಕೆ ಜಾಲರಿಯಂತಾಗುತ್ತದೆ, ಆಗ ಬದಲಿಸಿ.

ಪ್ರಶ್ನೆ: ಒಂಟಿಯಾಗಿ ಬೇಸರಪಡುತ್ತದೆಂದು ಜೊತೆಗೆ ಇನ್ನೊಂದು ತರಬಹುದೇ? ನೀರಿನ ಮೇಲೆ ನೊರೆ ಕಟ್ಟಿದೆ, ನೀರು ಕೆಟ್ಟಿತೇ?
– ಶಿವಮೊಗ್ಗದ ಓದುಗರು

ಉತ್ತರ: ಇನ್ನೊಂದು ಬೆಟ್ಟಾ ಬೇಡವೇ ಬೇಡ. ಎರಡು ಗಂಡು ಸೇರಿದರೆ ಒಂದು ಸಾಯುವವರೆಗೂ ಕಾದಾಡಬಹುದು. ಹೆಣ್ಣನ್ನೂ ಮರಿ ಮಾಡಿಸುವಾಗ ಮಾತ್ರ, ಕಣ್ಣೆದುರೇ ಬಿಡುತ್ತಾರೆ. ಉದ್ದ ಬಾಲದ ಗಪ್ಪಿಯನ್ನು ಎದುರಾಳಿ ಎಂದೇ ಎಣಿಸಿ ಕಚ್ಚುತ್ತದೆ. ಒಂಟಿತನ ಇದಕ್ಕೆ ಶಿಕ್ಷೆಯಲ್ಲ. ಮರೆಯಾಗಿ ಮಲಗಲು ಒಂದೆರಡು ಗಿಡವಿರಲಿ. ಜಾವಾ ಫರ್ನ್, ಅನೂಬಿಯಾಸ್ ಕಡಿಮೆ ಬೆಳಕಿನಲ್ಲೂ ಬೆಳೆಯುತ್ತವೆ. ಅವುಗಳ ಗಡ್ಡೆಯನ್ನು ಮರಳಿನಲ್ಲಿ ಹೂಳದೆ ಕಲ್ಲಿಗೆ ದಾರದಿಂದ ಕಟ್ಟಿ, ಹೂತರೆ ಕೊಳೆಯುತ್ತದೆ.

ಸಣ್ಣ ಸಣ್ಣ ಗುಳ್ಳೆಗಳು ಒಂದು ಮೂಲೆಯಲ್ಲೋ ಎಲೆಯ ಕೆಳಗೋ ಒತ್ತಾಗಿ ಸೇರಿದ್ದರೆ ಅದು ಗೂಡು. ಗಂಡು ಬೆಟ್ಟಾ ಬಾಯಿಂದ ಒಂದೊಂದೇ ಗುಳ್ಳೆ ಉಗುಳಿ, ಹೆಣ್ಣಿನ ಮೊಟ್ಟೆಗಳನ್ನು ಸೇರಿಸಿಡಲೆಂದು ಕಟ್ಟುತ್ತದೆ. ಹೆಣ್ಣಿಲ್ಲದಿದ್ದರೂ ಕಟ್ಟುತ್ತದೆ. ನೀರು ಬದಲಿಸುವಾಗ ಅದು ಒಡೆದರೆ ಚಿಂತೆಯಿಲ್ಲ, ಮತ್ತೆ ಕಟ್ಟಿಕೊಳ್ಳುತ್ತದೆ. ಅದರ ಬದಲು ನೀರಿನ ಮೇಲೆಲ್ಲ ದೊಡ್ಡ ಗುಳ್ಳೆಗಳು ಒಡೆಯದೆ ನಿಂತಿದ್ದರೆ, ಎಣ್ಣೆಯಂಥ ಪೊರೆ ಕಂಡರೆ, ವಾಸನೆ ಬಂದರೆ ಅದು ಉಳಿದ ಆಹಾರ ಕೊಳೆತದ್ದು. ತಳದ ಕಸವನ್ನು ನಳಿಕೆಯಿಂದ ಎಳೆದು ತೆಗೆದು, ಮೂರನೇ ಒಂದು ಭಾಗ ನೀರು ಬದಲಿಸಿ, ಮಾರನೇ ದಿನ ಅಮೋನಿಯಾ ಪರೀಕ್ಷಿಸಿ.