ಹಂದರ, ಪೆಂಡಾಲ್, ಡೇರೆ: ಎಲ್ಲಾ ಒಂದೇನಾ?

ಪ್ರಶ್ನೆ: ನಮ್ಮಲ್ಲಿ ಲಗ್ನಕ್ಕೆ ಹಂದರ ಹಾಕ್ತೀವಿ. ಬೆಂಗಳೂರಿನ ಬೀಗರು ಪೆಂಡಾಲ್ ಅಂತಾರೆ. ಜಾತ್ರೆಗೆ ಬಂದರೆ ಡೇರೆ, ಬಿಡಾರ ಅಂತ ಬೇರೆ ಮಾತು. ಇವೆಲ್ಲ ಎಲ್ಲಿಂದ ಬಂದವು?
– ಓದುಗರು, ಮುದ್ದೇಬಿಹಾಳ

ಉತ್ತರ: ಹಂದರ ಮತ್ತು ಪೆಂಡಾಲ್ ಒಂದೇ ಬೇರಿನ ಮಾತುಗಳು ಸರ್. ಹಳಗನ್ನಡದ ‘ಪ’ ಮುಂದೆ ‘ಹ’ ಆಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಹಾಗೇ ಪಂದರ ಹಂದರವಾಯಿತು. ತಮಿಳಿನಲ್ಲಿ ಅದು ಪಂದಲ್, ತೆಲುಗಿನಲ್ಲಿ ಪಂದಿರಿ. ತಮಿಳಿನ ಪಂದಲ್ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಪೆಂಡಾಲ್ ಅಂತ ಮತ್ತೆ ನಮ್ಮ ಕಡೆಗೇ ಬಂತು. ನಮ್ಮ ಹಂದರಕ್ಕೆ ಅರ್ಥವೂ ಜಾಸ್ತಿ. ಅಂಗಳದಲ್ಲಿ ಹಂದರಗಂಬ ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿ, ಮಾವಿನ ತೋರಣ ಕಟ್ಟಿದರೆ ಅದು ಮದುವೆಯ ಹಂದರ. ಹಿತ್ತಲಲ್ಲಿ ನಾಲ್ಕು ಗಳ ನಿಲ್ಲಿಸಿ ಹೀರೆ, ಹಾಗಲ ಬಳ್ಳಿ ಹಬ್ಬಿಸಿದರೆ ಅದೂ ಹಂದರವೇ.

ಡೇರೆ ಹೊರಗಿನಿಂದ ಬಂದದ್ದು, ಹಿಂದಿ, ಮರಾಠಿಯ ಡೇರಾ. ಶಾಮಿಯಾನ ಪಾರಸಿ ಮಾತು.

ಬಿಡಾರ ಮಾತ್ರ ಅಚ್ಚ ಕನ್ನಡದ್ದು, ಬಿಡು ಎಂಬುದರ ಬಳಗ. ಎತ್ತಿನ ಕೊರಳಿಂದ ನೊಗ ಬಿಟ್ಟು, ಹೊರೆ ಇಳಿಸಿ ತಂಗುವ ಜಾಗ ಅಂತ ನೆನೆದುಕೊಂಡರೆ ಅರ್ಥ ಸುಲಭವಾಗಿ ಹಿಡಿಯುತ್ತದೆ. ಬೀಡು ಕೂಡ ಇದೇ ಬಳಗದ್ದು. ಶಾಸನಗಳಲ್ಲಿ ರಾಜರು ತಂಗಿದ ಜಾಗಕ್ಕೆ ‘ನೆಲೆವೀಡು’ ಅಂತಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬೀಡು ಬಿಟ್ಟಿವೆ ಅಂತ ಇವತ್ತಿಗೂ ಅಂತೀವಲ್ಲ, ಅಲ್ಲಿರುವುದೂ ಅದೇ ಮಾತು.

ಮುಂದಿನ ಲಗ್ನದ ಕಾರ್ಡಿನಲ್ಲಿ ಧೈರ್ಯವಾಗಿ ಹಂದರ ಅಂತಲೇ ಅಚ್ಚು ಹಾಕಿಸಿ.