ಗೇಮಿಂಗ್ ಕಂಪ್ಯೂಟರಿಗೆ ಎಂತಹ ಎಸ್‌ಎಂಪಿಎಸ್ ಬೇಕು: ಮುಳ್ಳೇರಿಯದ ಅಣ್ಣನವರ ಪ್ರಶ್ನೆಗೆ ಉತ್ತರ

ಅಣ್ಣ, ನಮಸ್ಕಾರ. ಮಗನಿಗೆಂದು ಜೋಡಿಸುವ ಕಂಪ್ಯೂಟರಿಗೆ ರೈಜನ್ 5 7600 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಎಂದು ನಿಶ್ಚಯಿಸಿದ್ದೀರಿ. ಕ್ಯಾಬಿನೆಟ್ಟಿನ ಜೊತೆಗೇ ಬರುವ 450 ವ್ಯಾಟಿನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಬದಲಿಸಿ ಕೊಡುವ ಪವರ್ ಸಪ್ಲೈ) ಧಾರಾಳ ಸಾಕೆಂದು ಅಂಗಡಿಯವರು ಹೇಳುತ್ತಾರೆ, 850ಕ್ಕಿಂತ ಕಡಿಮೆ ಬೇಡವೇ ಬೇಡ ಎಂದು ಮಗನ ಗೆಳೆಯರು ಹೇಳುತ್ತಾರೆ, ಇವರಲ್ಲಿ ಯಾರ ಮಾತು ಸರಿ ಎಂದು ಕೇಳಿದ್ದೀರಿ. ಕೊನೆಯಲ್ಲಿ ಇನ್ನೆರಡು ಸಾಲು ಸೇರಿಸಿದ್ದೀರಿ: ಬೇಸಗೆಯಲ್ಲಿ ತೋಟದ ಪಂಪು ಹಾಕಿದಾಗ ಮನೆಯ ವೋಲ್ಟೇಜು 180ರ ಆಸುಪಾಸಿಗೆ ಇಳಿಯುತ್ತದೆ, ಈಗಿರುವ ಹಳೆಯ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಎರಡು ಸಾಲುಗಳು. ಮೊದಲು ವ್ಯಾಟಿನ ಲೆಕ್ಕವನ್ನು ಮುಗಿಸಿ ಅಲ್ಲಿಗೆ ಬರುತ್ತೇನೆ.

ನಿಮ್ಮ ಪ್ರೊಸೆಸರಿನ ಮೇಲೆ 65 ವ್ಯಾಟ್ ಎಂದು ಬರೆದಿದ್ದರೂ ಪೂರ್ತಿ ಕೆಲಸದಲ್ಲಿರುವಾಗ ಅದು 88 ವ್ಯಾಟಿನವರೆಗೆ ಎಳೆದುಕೊಳ್ಳಬಹುದು. ಗ್ರಾಫಿಕ್ಸ್ ಕಾರ್ಡಿನದ್ದು 115 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನು ಮತ್ತು ಯುಎಸ್‌ಬಿಗೆ ಚುಚ್ಚುವ ಸಾಮಾನುಗಳಿಗೆ ಕೈ ಬಿಚ್ಚಿ 60 ವ್ಯಾಟ್ ಇಟ್ಟುಕೊಂಡರೂ ಒಟ್ಟು 263 ಆಗುತ್ತದೆ. ಈ ಕಾರ್ಡಿಗೆ ಎನ್‌ವಿಡಿಯಾ ಕಂಪನಿಯೇ ಸೂಚಿಸಿರುವುದು 550 ವ್ಯಾಟಿನ ಸಪ್ಲೈ. ಅದನ್ನು ಹಾಕಿದರೆ ಆಟದ ಹೊತ್ತಿನಲ್ಲಿ ಹೊರೆ ಹೆಚ್ಚುಕಡಿಮೆ ಅರ್ಧದಷ್ಟೇ ಇರುತ್ತದೆ. ಸಾಮಾನ್ಯವಾಗಿ ಎಸ್‌ಎಂಪಿಎಸ್‌ನ ದಕ್ಷತೆ, ಅಂದರೆ ಗೋಡೆಯಿಂದ ಎಳೆದದ್ದರಲ್ಲಿ ಬಿಸಿಯಾಗಿ ಹೋಗದೆ ಕಂಪ್ಯೂಟರಿಗೆ ತಲುಪುವ ಪಾಲು, ಅತಿ ಹೆಚ್ಚು ಇರುವುದೂ ಆ ಮಟ್ಟದಲ್ಲಿಯೇ. ಎರಡು ಮೂರು ವರ್ಷಗಳ ನಂತರ ಮಗ 200 ವ್ಯಾಟಿನ ಆರ್‌ಟಿಎಕ್ಸ್ 4070 ತರಗತಿಯ ಕಾರ್ಡಿಗೆ ಏರುವ ಸಂಭವವಿದ್ದರೆ ಈಗಲೇ 650 ವ್ಯಾಟಿನದ್ದನ್ನು ಕೊಳ್ಳುವುದು ಲಾಭ. 850 ಹಾಕಿದರೆ ಕೆಡುಕೇನೂ ಇಲ್ಲ. ಆದರೆ ಅದಕ್ಕೆ ಕೊಡುವ ಹೆಚ್ಚಿನ ಹಣವನ್ನು ಮನೆಯ ಅರ್ತಿಂಗಿಗೆ ಹಾಕಿದರೆ ಹೆಚ್ಚು ಪ್ರಯೋಜನವಾಗುತ್ತದೆ.

ಹಾಗಾದರೆ 263 ವ್ಯಾಟಿಗೆ 450 ಏಕೆ ಸಾಲದು ಎಂದು ನೀವು ಕೇಳಬಹುದು. ಒಳ್ಳೆಯ ತಯಾರಿಕೆಯ 450 ಆದರೆ ಸಾಕಾಗುತ್ತದೆ. ತೊಂದರೆ ಇರುವುದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಅಂಕಿಯಲ್ಲಿ. ಎಸ್‌ಎಂಪಿಎಸ್‌ನ ಬದಿಯಲ್ಲಿರುವ ಲೇಬಲ್ಲಿನಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂಬ ಸಾಲುಗಳಿದ್ದು, ಪ್ರತಿಯೊಂದರ ಮುಂದೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟಿನ ಸಾಲನ್ನೇ ಅವಲಂಬಿಸುವುದರಿಂದ ನೋಡಬೇಕಾದದ್ದು ಆ ಒಂದು ಸಾಲು. ಅಲ್ಲಿರುವ ಆಂಪಿಯರನ್ನು 12ರಿಂದ ಗುಣಿಸಿರಿ. 45 ಆಂಪಿಯರ್ ಇದ್ದರೆ 540 ವ್ಯಾಟ್, ಅಂದರೆ ಅದು ನಿಜವಾದ 550 ವ್ಯಾಟಿನ ಸಪ್ಲೈ. ಕ್ಯಾಬಿನೆಟ್ಟಿನ ಜೊತೆ ಬರುವ ಅಗ್ಗದ ಪೆಟ್ಟಿಗೆಗಳಲ್ಲಿ 12 ವೋಲ್ಟಿನ ಮುಂದೆ 18 ಅಥವಾ 20 ಆಂಪಿಯರ್ ಮಾತ್ರ ಇರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. 20 ಆಂಪಿಯರ್ ಎಂದರೆ 240 ವ್ಯಾಟ್. ಹೊರಗಿನ ಅಂಕಿ ಏನೇ ಇದ್ದರೂ ನಿಮ್ಮ ಯಂತ್ರಕ್ಕೆ ಅದು ಸಾಲದು.

ನಾನೂ ಹೀಗೆಯೇ ಪೆಟ್ಟು ತಿಂದವನು. ಪೇಟೆಯ ಅಂಗಡಿಯೊಂದರಲ್ಲಿ 500 ವ್ಯಾಟ್ ಎಂದು ಬರೆದಿದ್ದ ಎಸ್‌ಎಂಪಿಎಸ್ ಸಹಿತ ಕ್ಯಾಬಿನೆಟ್ ತಂದು ಯಂತ್ರ ಜೋಡಿಸಿದೆ. ಬರವಣಿಗೆ, ಸಿನೆಮಾ, ಇಂಟರ್‌ನೆಟ್ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಆಟ ಶುರುವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಯಂತ್ರ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ವಿಂಡೋಸ್ ಮತ್ತೆ ಹಾಕಿದೆ, ರ‍್ಯಾಮ್ ಬದಲಿಸಿದೆ, ಗ್ರಾಫಿಕ್ಸ್ ಕಾರ್ಡನ್ನೇ ಅನುಮಾನಿಸಿ ಮಂಗಳೂರಿಗೆ ಹೊತ್ತುಕೊಂಡು ಹೋದೆ. ಹೀಗೆ ಎರಡು ವಾರ ಕಳೆದ ಮೇಲೆ ಗೆಳೆಯರೊಬ್ಬರ ಎಸ್‌ಎಂಪಿಎಸ್ ತಂದು ಸಿಕ್ಕಿಸಿ ನೋಡಿದಾಗ ರೋಗ ಎಲ್ಲಿತ್ತೆಂದು ತಿಳಿಯಿತು. ಲೇಬಲ್ಲನ್ನು ಮೊದಲ ದಿನವೇ ಓದಿದ್ದರೆ ಇಷ್ಟು ಅಲೆಯಬೇಕಾಗಿರಲಿಲ್ಲ.

ಇನ್ನೊಂದು ವಿಷಯ. ಗ್ರಾಫಿಕ್ಸ್ ಕಾರ್ಡ್ ಒಂದೇ ಸಮನೆ ವಿದ್ಯುತ್ತನ್ನು ಎಳೆಯುವುದಿಲ್ಲ. ಕಣ್ಣು ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ ಹೊತ್ತು ತನ್ನ ಸರಾಸರಿಗಿಂತ ಬಹಳ ಮೇಲೆ ಜಿಗಿದು ಇಳಿಯುತ್ತದೆ. ಇದಕ್ಕಾಗಿಯೇ ಎಸ್‌ಎಂಪಿಎಸ್ ತಯಾರಿಕೆಗೆಂದು 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮವು, ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಕೊಡುವ ಹೊಸ ಕನೆಕ್ಟರ್ ಇರುವ 450 ವ್ಯಾಟಿಗಿಂತ ದೊಡ್ಡ ಸಪ್ಲೈಗಳು ತಮ್ಮ ಅಂಕಿಯ ಎರಡರಷ್ಟು ಹೊರೆಯನ್ನು 100 ಮೈಕ್ರೋಸೆಕೆಂಡಿನ ಮಟ್ಟಿಗೆ ತಾಳಿಕೊಳ್ಳಬೇಕೆಂದು ಹೇಳಿತು. 4060 ಸಣ್ಣ ಕಾರ್ಡಾದ್ದರಿಂದ ನೀವು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆದರೆ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಎಟಿಎಕ್ಸ್ 3.0 ಅಥವಾ 3.1 ಎಂದು ಬರೆದದ್ದನ್ನೇ ಆರಿಸಿಕೊಳ್ಳಿ.

ಬ್ರಾಂಜ್, ಗೋಲ್ಡ್ ಎಂಬ 80 ಪ್ಲಸ್ ಮುದ್ರೆಗಳ ಬಗ್ಗೆಯೂ ಮಗ ಕೇಳಿರಬಹುದು. ಅವು ಹೇಳುವುದು ದಕ್ಷತೆಯನ್ನು ಮಾತ್ರ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ ಶೇಕಡಾ 85 ಮತ್ತು ಗೋಲ್ಡ್ ಶೇಕಡಾ 90 ದಕ್ಷತೆ ತೋರಿಸಬೇಕು. ಸಪ್ಲೈ ಎಷ್ಟು ಗಟ್ಟಿ, ಶಾರ್ಟ್ ಆದಾಗ ಅಥವಾ ವೋಲ್ಟೇಜು ಹೆಚ್ಚಾದಾಗ ತನ್ನನ್ನು ತಾನು ಆರಿಸಿಕೊಳ್ಳುತ್ತದೆಯೇ ಎಂಬುದನ್ನು ಮುದ್ರೆ ಹೇಳುವುದಿಲ್ಲ. ಅದಕ್ಕೆ ವಾರಂಟಿಯ ಅವಧಿಯನ್ನು ನೋಡುವುದು ಒಳ್ಳೆಯದು. ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ವಾರಂಟಿ ಕೊಡುವ ಕಂಪನಿಯು ಒಳಗಿನ ಕೆಪಾಸಿಟರುಗಳ ಮೇಲೆ ನಂಬಿಕೆಯಿಟ್ಟೇ ಕೊಡುತ್ತದೆ.

ಈಗ ನಿಮ್ಮ 180 ವೋಲ್ಟಿನ ವಿಷಯ. ಅಡಿಕೆ ತೋಟವಿರುವ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಗಳಲ್ಲಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ಎಲ್ಲರ ಸ್ಪ್ರಿಂಕ್ಲರುಗಳೂ ಒಟ್ಟಿಗೆ ತಿರುಗುವಾಗ ಹೀಗಾಗುವುದು ಹೊಸತಲ್ಲ. ವೋಲ್ಟೇಜು ಇಳಿದರೂ ಕಂಪ್ಯೂಟರಿಗೆ ಬೇಕಾದ ವ್ಯಾಟ್ ಇಳಿಯುವುದಿಲ್ಲ, ಆದ್ದರಿಂದ ಎಸ್‌ಎಂಪಿಎಸ್ ಹೆಚ್ಚು ಆಂಪಿಯರ್ ಎಳೆಯತೊಡಗುತ್ತದೆ. ಎಸ್‌ಎಂಪಿಎಸ್‌ನಲ್ಲಿ ನಷ್ಟವಾಗುವುದೂ ಸೇರಿ ನಿಮ್ಮ 263 ವ್ಯಾಟಿಗೆ ಗೋಡೆಯಿಂದ ಸುಮಾರು 295 ವ್ಯಾಟ್ ಎಳೆಯುವ ಯಂತ್ರಕ್ಕೆ 230 ವೋಲ್ಟಿನಲ್ಲಿ 1.28 ಆಂಪಿಯರ್ ಸಾಕಾದರೆ 180 ವೋಲ್ಟಿನಲ್ಲಿ 1.64 ಬೇಕು. ಹೀಗೆ ಹೆಚ್ಚಾದ ಕರೆಂಟು ಒಳಗೆ ಬಿಸಿಯಾಗಿ ಕಾಣಿಸಿಕೊಳ್ಳುತ್ತದೆ. ಲೇಬಲ್ಲಿನ ಇನ್‌ಪುಟ್ ಸಾಲಿನಲ್ಲಿ 200ರಿಂದ 240 ವೋಲ್ಟ್ ಎಂದಿದ್ದರೆ ಅಂತಹ ಸಪ್ಲೈ ನಿಮ್ಮ ಮನೆಗೆ ಹೇಳಿಸಿದ್ದಲ್ಲ. ಪಂಪು ತಿರುಗುವ ಹೊತ್ತು ಅದು ಕೈಕೊಡಬಹುದು. 100ರಿಂದ 240 ವೋಲ್ಟ್ ಎಂದಿರುವ, ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದುವಂತೆ ಎಳೆಯುವ ಸರ್ಕ್ಯೂಟು) ಇರುವ ಸಪ್ಲೈಯನ್ನೇ ಕೇಳಿ ತೆಗೆದುಕೊಳ್ಳಿ. ಅಂತಹದ್ದು 180 ವೋಲ್ಟಿನಲ್ಲಿಯೂ ಯಾವ ಸ್ಟೆಬಿಲೈಸರ್ ಇಲ್ಲದೆ ನಡೆಯುತ್ತದೆ. ಮನೆಗೆ ಮೂರು ಫೇಸಿನ ಸಂಪರ್ಕವಿದ್ದು ಪಂಪು ಒಂದೇ ಫೇಸಿನದ್ದಾಗಿದ್ದರೆ, ಮಗನ ಕೋಣೆಯನ್ನು ಬೇರೆ ಫೇಸಿಗೆ ಬದಲಿಸಲು ಎಲೆಕ್ಟ್ರಿಷಿಯನ್ನಿಗೆ ಹೇಳಿ. ಮೂರು ಫೇಸಿನ ಮನೆಗಳಲ್ಲಿ ನ್ಯೂಟ್ರಲ್ ಕಡಿದರೆ ಬಲ್ಬು, ಫ್ಯಾನುಗಳಿಗೆ 400 ವೋಲ್ಟಿನ ಹತ್ತಿರದವರೆಗೂ ಬರಬಹುದು. ಆದ್ದರಿಂದ ಮೀಟರಿನ ಬಳಿ ವೋಲ್ಟೇಜು ಹೆಚ್ಚಾದಾಗ ಕಡಿದು ಹಾಕುವ ಉಪಕರಣವೊಂದನ್ನೂ ಅದೇ ಸಂದರ್ಭದಲ್ಲಿ ಹಾಕಿಸಿಬಿಡಿ.

ಇನ್ವರ್ಟರಿನಿಂದ ಕಂಪ್ಯೂಟರ್ ನಡೆಸುವ ಯೋಚನೆಯಿದ್ದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕರೆಂಟು ಹೋದ ಕ್ಷಣದಿಂದ ಇನ್ವರ್ಟರ್ ಕೈಗೆತ್ತಿಕೊಳ್ಳುವವರೆಗೆ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಉಳಿದದ್ದರಿಂದಲೇ ಯಂತ್ರವನ್ನು ಹಿಡಿದಿಡುತ್ತದೆ. ಎಟಿಎಕ್ಸ್ 3.0 ಪ್ರಕಾರ ಪೂರ್ಣ ಹೊರೆಯಲ್ಲಿ 12 ಮಿಲಿಸೆಕೆಂಡ್, 80 ಶೇಕಡಾ ಹೊರೆಯಲ್ಲಿ 17 ಮಿಲಿಸೆಕೆಂಡ್ ಹಿಡಿಯಬೇಕು. ಮನೆಯ ಇನ್ವರ್ಟರುಗಳು ಸಾಮಾನ್ಯ ಮೋಡಿನಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಬೇಕಾಗುತ್ತದೆ. ಆದರೆ ಯುಪಿಎಸ್ ಮೋಡಿನಲ್ಲಿ ಹಲವು ಇನ್ವರ್ಟರುಗಳು ವೋಲ್ಟೇಜು 180ರ ಸುತ್ತಮುತ್ತ ಇಳಿದೊಡನೆ ಕರೆಂಟು ಹೋಯಿತೆಂದೇ ತಿಳಿದು ಬ್ಯಾಟರಿಗೆ ಹೋಗುತ್ತವೆ. ಹಾಗಾದರೆ ನಿಮ್ಮ ಮನೆಯಲ್ಲಿ ಪಂಪು ತಿರುಗುವಷ್ಟು ಹೊತ್ತು ಬ್ಯಾಟರಿ ಕರಗುತ್ತಲೇ ಇರುತ್ತದೆ. ಆದ್ದರಿಂದ ಕಂಪ್ಯೂಟರಿಗೆಂದೇ ಬೇರೆ ಯುಪಿಎಸ್ ಇಡುವುದು ಮೇಲು. 600 ವಿಎ ಎಂದು ಮಾರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ನಿಮ್ಮ ಯಂತ್ರದ 295ಕ್ಕೆ ಮಾನಿಟರ್ ಸೇರಿದರೆ ಅದು ತೀರಾ ಬಿಗಿಯಾಗುತ್ತದೆ, 1000 ವಿಎ ಆದರೆ ನಿಶ್ಚಿಂತೆ. ಮನೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ಯುಪಿಎಸ್ ಆದರೆ ಉತ್ತಮ, ಏಕೆಂದರೆ ಆಕ್ಟಿವ್ ಪಿಎಫ್‌ಸಿಯ ಕೆಲವು ಸಪ್ಲೈಗಳು ಸ್ಕ್ವೇರ್ ವೇವ್ ಮೇಲೆ ಗುಂಯ್‌ಗುಡುತ್ತವೆ ಅಥವಾ ಆರಿಹೋಗುತ್ತವೆ.

ಕೈ ಜುಮ್ಮೆನ್ನುವ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಸ್‌ಎಂಪಿಎಸ್‌ನ ಒಳಗೆ ಫೇಸ್ ಮತ್ತು ನ್ಯೂಟ್ರಲ್‌ಗಳಿಂದ ಲೋಹದ ಪೆಟ್ಟಿಗೆಗೆ ಜೋಡಿಸಿದ ಎರಡು ಪುಟ್ಟ ಫಿಲ್ಟರ್ ಕೆಪಾಸಿಟರುಗಳಿರುತ್ತವೆ. ಅವುಗಳಿಂದ ಸೋರುವ ಅಲ್ಪ ಕರೆಂಟು ಅರ್ತಿಂಗಿನ ಮೂಲಕ ನೆಲಕ್ಕೆ ಹೋಗಬೇಕು. ಅರ್ತಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟು ಮನೆಯ ವೋಲ್ಟೇಜಿನ ಅರ್ಧದಷ್ಟರಲ್ಲಿ, ಅಂದರೆ 115 ವೋಲ್ಟಿನ ಸುಮಾರಿನಲ್ಲಿ ನಿಂತುಬಿಡುತ್ತದೆ. ಜುಮ್ಮೆನ್ನುವುದಕ್ಕೆ ಕಾರಣ ಇದು. ಹೊಸ ಎಸ್‌ಎಂಪಿಎಸ್ ಎಷ್ಟೇ ಒಳ್ಳೆಯದಾದರೂ ಇದು ಹೋಗುವುದಿಲ್ಲ. ಸರ್ಜ್ ತಡೆಯುವ ಎಕ್ಸ್‌ಟೆನ್ಷನ್ ಬೋರ್ಡು ಕೂಡ ಅರ್ತಿಂಗ್ ಇಲ್ಲದೆ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಲಾರದು. ಮಲ್ಟಿಮೀಟರ್ ಇದ್ದವರಿಂದ ಪ್ಲಗ್ಗಿನಲ್ಲಿ ಅಳತೆ ಮಾಡಿಸಿ: ಫೇಸಿನಿಂದ ಅರ್ತಿಗೂ ಫೇಸಿನಿಂದ ನ್ಯೂಟ್ರಲಿಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜು ಸಿಗಬೇಕು, ನ್ಯೂಟ್ರಲಿನಿಂದ ಅರ್ತಿಗೆ ಕೆಲವೇ ವೋಲ್ಟ್ ಇರಬೇಕು. ನಮ್ಮ ಕಡೆಯ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಗಟ್ಟಿಯಾದಾಗ ಕರೆಂಟನ್ನು ಎಳೆದುಕೊಳ್ಳುವುದು ಕಡಿಮೆ. ಆದುದರಿಂದ ಅರ್ತಿನ ಗುಂಡಿಯನ್ನು ಬಾವಿಕಟ್ಟೆ ಅಥವಾ ಬಚ್ಚಲ ನೀರು ಹರಿಯುವ ತೇವದ ಜಾಗದಲ್ಲಿ ಮಾಡಿಸಿ, ಬೇಸಗೆಯಲ್ಲಿ ಆಗಾಗ ನೀರು ಹೊಯ್ಯಿರಿ.

ಎಪ್ರಿಲ್, ಮೇ ತಿಂಗಳ ಗುಡುಗು ಮಳೆಗೂ ಅಕ್ಟೋಬರ್, ನವೆಂಬರಿನ ಸಂಜೆಯ ಸಿಡಿಲಿಗೂ ಯಾವ ಎಸ್‌ಎಂಪಿಎಸ್ ಕೂಡ ಎದುರು ನಿಲ್ಲಲಾರದು. ಸ್ವಿಚ್ಚು ಆರಿಸಿದರೆ ಸಾಲದು, ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ಗನ್ನು ಕೀಳಬೇಕು, ರೌಟರಿನಿಂದ ಬರುವ ಲ್ಯಾನ್ ಕೇಬಲನ್ನೂ ಬಿಡಿಸಬೇಕು.

ಜೋಡಿಸುವಾಗ ಮಗನಿಗೆ ಎರಡು ಮಾತು ಹೇಳಿ. ಬಿಡಿಸಿ ಹಾಕುವ ಕೇಬಲಿನ ಸಪ್ಲೈ ತಂದರೆ ಅದರ ಪೆಟ್ಟಿಗೆಯಲ್ಲಿ ಬಂದ ಕೇಬಲುಗಳನ್ನೇ ಬಳಸಬೇಕು. ಬೇರೆ ಕಂಪನಿಯ ಕೇಬಲು ನೋಡಲು ಒಂದೇ ತರಹ ಇದ್ದರೂ ಸಪ್ಲೈಯ ಕಡೆಯ ಪಿನ್ನುಗಳ ಕ್ರಮ ಬೇರೆಯಿದ್ದು, ಎಸ್‌ಎಸ್‌ಡಿ ಅಥವಾ ಮದರ್‌ಬೋರ್ಡ್ ಸುಟ್ಟುಹೋಗಬಹುದು. ಕೆಟ್ಟ ಎಸ್‌ಎಂಪಿಎಸ್ ಅನ್ನು ಬಿಚ್ಚಿ ನೋಡುವ ಆಸೆ ಬೇಡ, ಪ್ಲಗ್ ಕಿತ್ತ ನಂತರವೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು.

ಅಂಗಡಿಗೆ ಹೋದಾಗ ಪೆಟ್ಟಿಗೆ ತೆರೆಸಿ ಲೇಬಲ್ಲಿನ ಫೋಟೋ ತೆಗೆದು ಇಲ್ಲಿ ಹಾಕಿ. 12 ವೋಲ್ಟಿನ ಆಂಪಿಯರ್ ಮತ್ತು ಇನ್‌ಪುಟ್ ವೋಲ್ಟೇಜಿನ ಸಾಲು ಸ್ಪಷ್ಟವಾಗಿ ಕಾಣುವಂತಿದ್ದರೆ, ನೀವು ಹಣ ಕೊಡುವ ಮೊದಲೇ ನೋಡಿ ತಿಳಿಸುತ್ತೇನೆ.