ಅಪ್ಪ ಜೈಲಿಗೆ ಹೋಗಿದ್ದರೆ ಮಗನೂ ಹೋಗಲೇಬೇಕಾ?

ಪ್ರಶ್ನೆ: ನನ್ನ ಅಣ್ಣನ ಮಗನಿಗೆ 15 ವರ್ಷ. ಗೆಳೆಯರ ಜೊತೆ ಸೇರಿ ಮೊದಲು ಬೈಕುಗಳಿಂದ ಪೆಟ್ರೋಲ್ ಕದ್ದ. ಈಗ ಒಂದು ಮೊಬೈಲ್ ಕದ್ದು ಪೊಲೀಸರ ಕೈಗೆ ಸಿಕ್ಕಿದ್ದಾನೆ. ಅಣ್ಣನೂ ಹಿಂದೆ ಕಳ್ಳತನದ ಕೇಸಿನಲ್ಲಿ ಜೈಲಿಗೆ ಹೋಗಿ ಬಂದವನು. ‘ಅಪ್ಪನ ರಕ್ತ, ಎಲ್ಲಿಗೆ ಹೋಗುತ್ತೆ’ ಅಂತ ನೆಂಟರು ಹುಡುಗನ ಎದುರಿಗೇ ಆಡ್ತಾರೆ. ಯಾಕೋ ಹೀಗೆ ಮಾಡಿದೆ ಅಂದರೆ, ‘ಅವರಿಗೇನು ಅತ್ತೆ, ದುಡ್ಡಿದೆ, ಇನ್ನೊಂದು ತಗೋತಾರೆ’ ಅಂದ. ನನಗೆ ಕೈಕಾಲೇ ಆಡ್ತಿಲ್ಲ.
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಮೊದಲು ಆ ನೆಂಟರ ಬಾಯಿ ಮುಚ್ಚಿಸಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಅವರ ಮಾತು, ಮೊಬೈಲ್ ಕಳವಲ್ಲ.

ಕೆಲವರು ಹುಟ್ಟಾ ಕಳ್ಳರು ಅನ್ನೋದು ಹಳೇ ನಂಬಿಕೆ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಪುಸ್ತಕವನ್ನೇ ಬರೆದು, ದವಡೆ, ಕಿವಿ, ತಲೆಬುರುಡೆ ನೋಡಿದರೆ ಅಪರಾಧಿ ಯಾರೆಂದು ಗೊತ್ತಾಗುತ್ತೆ ಎಂದ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸಾವಿರಾರು ಕೈದಿಗಳನ್ನು ಅಳತೆ ಮಾಡಿ, ಅಂಥ ಗುರುತು ಯಾವುದೂ ಇಲ್ಲ ಎಂದು 1913ರಲ್ಲಿ ತೋರಿಸಿದ. ಅಷ್ಟರಲ್ಲಿ ನಮ್ಮಲ್ಲಿ ಆಗಬೇಕಾದ ಅನ್ಯಾಯ ಆಗಿಹೋಗಿತ್ತು. ಬ್ರಿಟಿಷರು 1871ರಲ್ಲೇ ಕಾನೂನು ತಂದು, ಇಡೀ ಸಮುದಾಯಗಳಿಗೆ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹಚ್ಚಿದ್ದರು. ಏನೂ ಮಾಡದವರೂ ಪೊಲೀಸರಲ್ಲಿ ಹೆಸರು ಬರೆಸಬೇಕಿತ್ತು, ಪರವಾನಗಿ ಇಲ್ಲದೆ ಊರು ಬಿಡುವಂತಿರಲಿಲ್ಲ. ನಿಮ್ಮ ಹತ್ತಿರದ ಹುಬ್ಬಳ್ಳಿಯಲ್ಲಿ ಇವತ್ತಿಗೂ ಸೆಟ್ಲ್‌ಮೆಂಟ್ ಅಂತ ಕರೆಯುವ ಜಾಗ ಇದೆಯಲ್ಲ, ಅದು ಹೀಗೆ ಹಣೆಪಟ್ಟಿ ಹಚ್ಚಿದವರನ್ನು ಇರಿಸಿದ್ದ ಆ ಕಾಲದ ಜಾಗವೇ. ಕಾನೂನು ರದ್ದಾಗಿದ್ದು 1952ರಲ್ಲಿ, ಆದರೆ ಮಾತು ಮಾತ್ರ ಜನರ ಬಾಯಲ್ಲಿ ಉಳಿದುಬಿಟ್ಟಿದೆ.

ದುಡುಕು, ಮುಂಗೋಪ, ಒಂದು ಕಡೆ ಕೂರಲಾಗದ ಸ್ವಭಾವ, ಇವೆಲ್ಲ ಸ್ವಲ್ಪ ಮಟ್ಟಿಗೆ ಹೆತ್ತವರಿಂದ ಬರುತ್ತವೆ, ನಿಜ. ಕಳ್ಳತನ ಹಾಗೆ ಬರೋದಿಲ್ಲ. ದುಡುಕಿನ ಹುಡುಗ ಒಳ್ಳೆ ಕಬಡ್ಡಿ ಆಟಗಾರನೂ ಆಗಬಹುದು. ಯಾರ ಜೊತೆ ತಿರುಗ್ತಾನೆ, ಮನೆಯಲ್ಲಿ ಯಾರು ಅವನನ್ನು ಗಮನಿಸ್ತಾರೆ, ತಪ್ಪು ಮಾಡಿದಾಗ ಏನಾಗುತ್ತೆ, ಅವನು ಏನಾಗ್ತಾನೆ ಅನ್ನೋದು ಅದರ ಮೇಲೆ ನಿಂತಿದೆ.

ವಯಸ್ಸಿನ ಮಾತೂ ಇದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ದೊಡ್ಡವರಾಗುವ ತನಕ ಗಮನಿಸುತ್ತಾ ಬಂದರು. ಆ ಅಧ್ಯಯನದಲ್ಲಿ ಕೆಲಸ ಮಾಡಿದ ಟೆರಿ ಮಾಫಿಟ್ 1993ರಲ್ಲಿ ಒಂದು ಮುಖ್ಯ ವಿಷಯ ಹೇಳಿದರು. ಚಿಕ್ಕಂದಿನಿಂದಲೇ ಹೊಡೆದಾಟ, ಸುಳ್ಳು ಅಂತ ಶುರುವಾಗಿ ಕೊನೆತನಕ ಬಿಡದವರು ಬಹಳ ಕಡಿಮೆ. ಹದಿಹರೆಯದಲ್ಲಿ ಗೆಳೆಯರ ಜೊತೆ ಸೇರಿ ಶುರು ಮಾಡಿ, ಕೆಲಸ, ಸಂಸಾರ ಅಂತ ಆಗುವಷ್ಟರಲ್ಲಿ ಬಿಟ್ಟುಬಿಡುವವರೇ ಜಾಸ್ತಿ. ನಿಮ್ಮ ಹುಡುಗ ಒಬ್ಬನೇ ಹೋಗಿ ಕದ್ದನಾ? ಇಲ್ಲ ಅಲ್ವಾ. ಅಮೆರಿಕದಲ್ಲಿ ಕಂಪ್ಯೂಟರಿನ ಕಾರು ಆಟ ಇಟ್ಟು ನೋಡಿದ್ದಾರೆ: ಹಳದಿ ದೀಪ ಬಿದ್ದ ಮೇಲೂ ಎಷ್ಟು ದೂರ ನುಗ್ಗುತ್ತಾರೆ ಅಂತ. ಹದಿಹರೆಯದವರು ಗೆಳೆಯರು ಪಕ್ಕದಲ್ಲಿ ನಿಂತಾಗ, ಒಬ್ಬರೇ ಇದ್ದಾಗಿನದಕ್ಕಿಂತ ತುಂಬಾ ಜಾಸ್ತಿ ನುಗ್ಗಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಈಗ ಅವನ ಮಾತಿಗೆ ಬರ್ತೀನಿ: ‘ದುಡ್ಡಿದೆ, ಇನ್ನೊಂದು ತಗೋತಾರೆ.’ ಇದನ್ನು ಸುಮ್ನೆ ಬಿಡಬೇಡಿ. ಗ್ರೆಶಮ್ ಸೈಕ್ಸ್, ಡೇವಿಡ್ ಮಾಟ್ಜಾ ಎಂಬಿಬ್ಬರು ಸಮಾಜಶಾಸ್ತ್ರಜ್ಞರು 1957ರಲ್ಲೇ ಇಂಥ ಮಾತುಗಳನ್ನು ಕಲೆಹಾಕಿ ವಿವರಿಸಿದ್ದಾರೆ. ತಪ್ಪು ಮಾಡುವ ಹುಡುಗರಿಗೆ ತಪ್ಪು ಯಾವುದು ಅಂತ ಗೊತ್ತೇ ಇರುತ್ತೆ. ಗೊತ್ತಿದ್ದೂ ಮಾಡೋಕೆ ಮೊದಲು ತಮಗೆ ತಾವೇ ಒಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಯಾರಿಗೂ ನಷ್ಟ ಇಲ್ಲ, ಅವನಿಗೆ ಹಾಗೇ ಆಗಬೇಕು, ಗೆಳೆಯನಿಗೋಸ್ಕರ ಮಾಡಿದೆ, ಪೊಲೀಸರೇನು ಸಾಚಾನಾ, ಹೀಗೆ. ನೆಂಟರು ‘ಅಪ್ಪನ ರಕ್ತ’ ಅಂದಾಗ ಅವನ ಕೈಗೆ ಇನ್ನೊಂದು ಸಿದ್ಧ ಸಮಾಧಾನ ಕೊಟ್ಟಂತಾಯಿತು: ‘ನಾನೇನು ಮಾಡ್ಲಿ, ನಾನಿರೋದೇ ಹೀಗೆ.’

ಅದಕ್ಕೇ ಬೈಯೋದು, ಹೊಡೆಯೋದು ಬೇಡ. ಕೇಸು ಮಕ್ಕಳ ಕೇಸುಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯಲ್ಲಿ ನಡೆಯುತ್ತೆ. ಅಲ್ಲಿ ಒಪ್ಪಿಗೆ ಸಿಕ್ಕಿದರೆ ಹುಡುಗನನ್ನು ಕೂರಿಸಿ ಮೊಬೈಲ್ ಯಾರದು ಅಂತ ಹೇಳಿ. ಅದರಲ್ಲಿ ಅವರ ಮಗುವಿನ ಫೋಟೊ ಇದ್ದಿರಬಹುದು, ಕಂತು ಇನ್ನೂ ಕಟ್ಟುತ್ತಿರಬಹುದು. ಬೇಸಿಗೆ ರಜೆಯಲ್ಲಿ ದುಡಿದು ಸ್ವಲ್ಪವಾದರೂ ದುಡ್ಡು ಅವನೇ ತುಂಬಿಕೊಡಲಿ. ಬಾಲ ನ್ಯಾಯ ಕಾಯ್ದೆಯ ಪ್ರಕಾರ ಈ ವಯಸ್ಸಿನ ತಪ್ಪು ಮುಂದೆ ಅವನ ನೌಕರಿಗೆ ಅಡ್ಡಿಯಾಗುವಂತಿಲ್ಲ, ಇದನ್ನೂ ಅವನಿಗೆ ತಿಳಿಸಿ. ಅಣ್ಣನ ಬಾಯಿಂದ ಜೈಲಿನ ದಿನಗಳು ಹೇಗಿದ್ದವು ಅಂತ ಒಮ್ಮೆ ಕೇಳಿಸಿಕೊಂಡರೆ ಇನ್ನೂ ಒಳ್ಳೇದು, ಅವರು ಒಪ್ಪಿದರೆ.

ಪ್ರಶ್ನೆ: ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಟಿವಿಯಲ್ಲಿ ಕೊಲೆ ಸುದ್ದಿ ಬಂದಾಗೆಲ್ಲ ‘ಮಾನಸಿಕ ಅಸ್ವಸ್ಥ’ ಅಂತಾರೆ. ಪಕ್ಕದ ಮನೆಯವರು ಅವನನ್ನು ಕಂಡರೆ ಮಕ್ಕಳನ್ನು ಒಳಗೆ ಕರೀತಾರೆ. ಇಂಥವರೇ ಜಾಸ್ತಿ ಅಪರಾಧ ಮಾಡೋದಾ?
– ಒಬ್ಬ ಅಕ್ಕ, ಶಿವಮೊಗ್ಗ

ಉತ್ತರ: ಇಲ್ಲ. ಈ ಕಾಯಿಲೆ ಇರುವ ಬಹುಪಾಲು ಜನ ಜೀವಮಾನದಲ್ಲಿ ಯಾರ ಮೇಲೂ ಕೈ ಮಾಡಿರೋದಿಲ್ಲ. ಅವರಿಗೇ ಬೇರೆಯವರು ಹೊಡೆಯೋದು, ಮೋಸ ಮಾಡೋದು ಜಾಸ್ತಿ. ಮಾತ್ರೆ ನಿಂತರೆ, ಅದರಲ್ಲೂ ಮೇಲೆ ಕುಡಿತವೋ ಗಾಂಜಾನೋ ಸೇರಿದರೆ ಅಪಾಯ ಏರುತ್ತೆ, ಅದನ್ನು ಮುಚ್ಚಿಡಬಾರದು. ದುಡ್ಡಿಗೆ, ಜಮೀನಿಗೆ, ದ್ವೇಷಕ್ಕೆ ಕೊಲೆ ಮಾಡುವವರಲ್ಲಿ ಹೆಚ್ಚಿನವರಿಗೆ ಇಂಥ ಕಾಯಿಲೆ ಇರೋದಿಲ್ಲ. ಕಾಯಿಲೆ ಇದೆ ಅಂದ ಮಾತ್ರಕ್ಕೆ ಕಾನೂನೂ ಬಿಡೋದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಕೇಳೋದು, ಆ ಗಳಿಗೆಯಲ್ಲಿ ತಾನು ಮಾಡ್ತಿರೋದು ಏನು, ಅದು ತಪ್ಪು ಅಂತ ತಿಳಿಯುವ ಸ್ಥಿತಿಯಲ್ಲಿ ಇದ್ದನಾ ಅಂತ. ತಮ್ಮನ ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ನಿದ್ದೆ ಕೆಟ್ಟರೆ, ಅನುಮಾನ ಜಾಸ್ತಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.